ಎಣಿಸಿ ಬಡಿದ ರೊಟ್ಟಿ

ಅವಳು ತೀರಿಕೊಂಡ ಐದನೆಯ ದಿನ ಅವಳ ಮಗ ನನ್ನ ಹತ್ತಿರ ಬಂದು, ಚಿಗವ್ವ, ಬ್ಯಾನರಿಗೆ ನಾಲ್ಕು ಸಾಲು ಬರೆದುಕೊಡು ಎಂದ. ನಮ್ಮ ಮನೆಯ ಸೊಸೆಯರಲ್ಲಿ ಹತ್ತನೆಯ ತರಗತಿ ಮುಗಿಸಿದವಳು ನಾನೊಬ್ಬಳೇ ಎಂದು ಅವನಿಗೆ ಗೊತ್ತು. ಫ್ಲೆಕ್ಸ್ ಅಂಗಡಿಯವನು ಆಗಲೇ ಮೊಬೈಲಿಗೆ ಒಂದು ನಮೂನೆ ಕಳಿಸಿದ್ದ. ನಡುವೆ ಅವಳ ಫೋಟೊ, ಎರಡೂ ಬದಿಗೆ ದೀಪ, ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಅನ್ನಪೂರ್ಣೆ’. ಆ ಅಕ್ಷರ ನೋಡಿದ್ದೇ ತಡ, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ನಾಲ್ಕು ಸಾಲಿನಲ್ಲಿ ಆಗುವ ಮಾತಲ್ಲಪ್ಪ, ಹೋಗು ಎಂದೆ. ಅವನು ಅದನ್ನು ನನ್ನ ದುಃಖವೆಂದೇ ತಿಳಿದು ಕಣ್ಣೊರೆಸಿಕೊಂಡು ಹೋದ. ನಾಲ್ಕು ಸಾಲಿಗೆ ಸಿಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ತವರು ಲಿಂಗಸುಗೂರಿನ ಕಡೆಯ ಒಂದು ಹಳ್ಳಿ. ಹೆಸರು ಇಲ್ಲಿ ಬೇಡ; ಮನೆಯಲ್ಲೂ ಹೆಸರು ಹಿಡಿದು ಕರೆದವರಿಲ್ಲ. ದೊಡ್ಡಾಕಿ ಎಂದರೆ ಅವಳೇ. ದೊಡ್ಡಾಕಿ ಕೇಳಿದಳು, ದೊಡ್ಡಾಕಿ ಬೇಡ ಎಂದಳು, ದೊಡ್ಡಾಕಿಗೆ ಗೊತ್ತಾದರೆ ನಿನ್ನ ಕಥೆ ಅಷ್ಟೇ. ಅತ್ತೆ ನಾನು ಬರುವ ಮೊದಲೇ ತೀರಿಹೋಗಿದ್ದರಿಂದ ಸಿಂಧನೂರಿನ ಆ ಹದಿನಾಲ್ಕು ಜನರ ಮನೆಯ ಅಡುಗೆಮನೆ ಪೂರ್ತಿ ಅವಳ ಕೈಯಲ್ಲಿತ್ತು. ಗಿಡ್ಡ ಆಳು, ಒಣಕಲು ಮೈ, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ್ದೇ. ಯಾವುದಾದರೂ ಡಬ್ಬಿಯ ಮುಚ್ಚಳ ತೆಗೆದ ಸದ್ದಾದರೆ ಸಾಕು, ಹಿತ್ತಲಲ್ಲಿದ್ದವಳು ಅಲ್ಲಿಂದಲೇ ಅದು ಯಾವ ಡಬ್ಬಿ ಎಂದು ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ.

ಉಳಿತಾಯದಲ್ಲಿ ಅವಳನ್ನು ಮೀರಿಸುವವರು ಮೂರು ತಾಲೂಕಿನಲ್ಲಿ ಇರಲಿಲ್ಲ. ಹಾಲಿನ ಪಾಕೀಟು ಕತ್ತರಿಸಿದ ಮೇಲೆ ಅದಕ್ಕೆ ನೀರು ಹಾಕಿ ಕುಲುಕಿ ಚಹಾದ ಪಾತ್ರೆಗೆ ಬಸಿಯುತ್ತಿದ್ದಳು. ಚಹಾದ ಚರಟ ಇನ್ನೊಮ್ಮೆ ಕುದಿದು ಹುಡುಗರಿಗಾಗುತ್ತಿತ್ತು, ಆಮೇಲೆ ಒಣಗಿ ಕರಿಬೇವಿನ ಬುಡಕ್ಕೆ ಹೋಗುತ್ತಿತ್ತು. ಸಾಬೂನಿನ ಚೂರುಗಳನ್ನೆಲ್ಲ ಹರಿದ ಕಾಲುಚೀಲದಲ್ಲಿ ತುಂಬಿ, ಅದರಿಂದಲೇ ಹದಿನಾಲ್ಕು ಜನರ ಕೈ ತೊಳೆಸುತ್ತಿದ್ದಳು. ಮದುವೆ ಪತ್ರಿಕೆಗಳ ಖಾಲಿ ಬೆನ್ನು ಹುಡುಗರ ಲೆಕ್ಕದ ಹಾಳೆ. ಅವಳ ಸೀರೆ ಐದು ವರ್ಷ ಸೀರೆಯಾಗಿ, ಆಮೇಲೆ ಹತ್ತು ವರ್ಷ ಕೌದಿಯಾಗಿ, ಕೊನೆಗೆ ಒಲೆಯ ಮೇಲಿನ ಪಾತ್ರೆ ಹಿಡಿಯುವ ಬಟ್ಟೆಯಾಗಿ ಪ್ರಾಣ ಬಿಡುತ್ತಿತ್ತು. ಇದನ್ನೆಲ್ಲ ಈಗ ಪೇಪರಿನವರು ಪರಿಸರ ಎಂದು ಹೊಗಳುತ್ತಾರೆ. ಹೊಗಳಲಿ, ಆ ಕಾಲುಚೀಲದಲ್ಲಿ ಅವರೇನು ಕೈ ತೊಳೆದಿಲ್ಲವಲ್ಲ.

ಬರೀ ಕೈ ಬಿಗಿಯಾಗಿದ್ದರೆ ಜಿಪುಣಿ ಎಂದು ಬಿಟ್ಟುಬಿಡಬಹುದಿತ್ತು. ಅವಳು ಅದಕ್ಕೆ ಕೃತಜ್ಞತೆಯನ್ನೂ ಸೇರಿಸಿದ್ದಳು. ಉಂಡವರು ತಾಟಿನ ಮುಂದಿನಿಂದ ಸುಮ್ಮನೆ ಏಳುವಂತಿರಲಿಲ್ಲ. ಇವತ್ತು ಯಾರ ಋಣದ್ದು ಉಂಡಿ ಎಂದು ಅವಳು ಕೇಳುತ್ತಿದ್ದಳು, ನಾವು ಒಬ್ಬರ ಹೆಸರು ಹೇಳಬೇಕಿತ್ತು. ಜೋಳ ಬೀಸಿಕೊಟ್ಟ ಗಿರಣಿ ಚಾಚಾನದು. ದಢೇಸುಗೂರಿನ ನಮ್ಮ ಗದ್ದೆಯಲ್ಲಿ ಕಳೆ ತೆಗೆದವರದು. ಕಾಲುವೆ ನೀರಿನದು. ಪಕ್ಕದವರ ಎಮ್ಮೆಯದು. ಹಿಂದಿನ ದಿನ ಹೇಳಿದ್ದನ್ನೇ ಹೇಳಿದರೆ ನಡೆಯುತ್ತಿರಲಿಲ್ಲ. ಒಮ್ಮೆ ನನ್ನ ಗಂಡ ಅವಸರದಲ್ಲಿ ಗ್ಯಾಸ್ ಸಿಲಿಂಡರಿನದು ಎಂದು ಎದ್ದುಬಿಟ್ಟ. ಅದನ್ನು ಹೊತ್ತು ತಂದವನು ಯಾರು ಎಂದು ಅವನನ್ನು ಮತ್ತೆ ಕೂಡಿಸಿ, ಆ ಮನುಷ್ಯನ ಹೆಸರು ಹೇಳಿಸಿಯೇ ಬಿಟ್ಟಳು. ಈ ಆಟಕ್ಕೆ ಒಂದೇ ನಿಯಮ, ಮನೆಯೊಳಗಿನವರ ಹೆಸರು ಹೇಳುವಂತಿಲ್ಲ. ಮನೆಯವರು ಮಾಡುವುದು ಮಾಡಲೇಬೇಕಾದ್ದು, ಅದಕ್ಕೆಂಥ ಉಪಕಾರ ಎನ್ನುವುದು ಅವಳ ವಾದ. ಆ ರೊಟ್ಟಿಗಳಲ್ಲಿ ಅರ್ಧ ಬಡಿದವಳು ನಾನು, ಹೊಗೆ ಕುಡಿದವಳು ನಾನು. ಅಷ್ಟು ವರ್ಷದಲ್ಲಿ ಆ ಪಡಸಾಲೆಯಲ್ಲಿ ಎಮ್ಮೆಯ ಹೆಸರು ನೂರಾರು ಸಲ ಬಂದಿರಬಹುದು, ನನ್ನ ಹೆಸರು ಒಂದು ಸಲ ಬರಲಿಲ್ಲ. ಅವಳದೂ ಬರಲಿಲ್ಲ ಎಂದು ಯಾರಾದರೂ ನ್ಯಾಯ ಹೇಳಬಹುದು. ಆ ನ್ಯಾಯ ನನಗೆ ಬೇಕಿಲ್ಲ.

ಇನ್ನು ರೊಟ್ಟಿಯ ಸಂಗತಿ. ನಾವು ಬೆಳೆಯುವುದು ಭತ್ತ, ಉಣ್ಣುವುದು ಜೋಳ. ಸಂಜೆಗೆ ಒಂದಿಷ್ಟು ಅನ್ನ, ಮಧ್ಯಾಹ್ನ ರೊಟ್ಟಿಯೇ. ಬೆಳಿಗ್ಗೆ ಎದ್ದು ಹಿಟ್ಟಿನ ಪರಾತ ಮುಂದಿಟ್ಟುಕೊಂಡು ಕೂತಳೆಂದರೆ ಮನೆಯ ಪ್ರತಿಯೊಬ್ಬರನ್ನೂ ಎಷ್ಟು ಎಂದು ಕೇಳುತ್ತಿದ್ದಳು. ನಾಲ್ಕು ಎಂದರೆ ಪಕ್ಕದ ಬಟ್ಟಲಿಗೆ ನಾಲ್ಕು ಹುಣಸೆ ಬೀಜ ಹಾಕುವಳು. ಎಲ್ಲರದೂ ಮುಗಿದ ಮೇಲೆ ಹಿಟ್ಟಿಗೆ ಕೈ ಹಾಕುವಳು. ಒಂದೊಂದು ರೊಟ್ಟಿ ಹಂಚಿನಿಂದ ಇಳಿದಂತೆ ಒಂದೊಂದು ಬೀಜ ಬಟ್ಟಲಿನಿಂದ ಹೊರಗೆ. ಬಟ್ಟಲು ಖಾಲಿಯಾದಾಗ ಪರಾತದಲ್ಲಿ ಹಿಟ್ಟೂ ಖಾಲಿಯಾಗಿರಬೇಕು, ಆಗಿರುತ್ತಿತ್ತು ಕೂಡ. ನಾಲ್ಕು ಖಡಕ್ ರೊಟ್ಟಿ ಹೆಚ್ಚಿಗೆ ಮಾಡಿ ಇಟ್ಟುಕೊಳ್ಳುವ ಮನೆಗಳಿವೆಯಲ್ಲ ಎಂದು ನಾನೊಮ್ಮೆ ಅಂದಿದ್ದೆ. ಇಟ್ಟರೆ ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದರೆ ಹಸಿವಿಲ್ಲದಿದ್ದರೂ ಕೈ ಹೋಗುತ್ತದೆ ಎಂದಳು.

ನಾನು ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಮಾವ, ಭಾವ, ಅತ್ತ ಇತ್ತ ಓಡಾಡುವ ನೆಂಟರು ಎಲ್ಲರ ಎದುರಿಗೆ, ಬೀಜದ ಬಟ್ಟಲು ಹಿಡಿದು, ನಿನಗೆಷ್ಟು ಎಂದಳು. ತವರಿನಲ್ಲಿ ನಾನು ನಾಲ್ಕು ಉಣ್ಣುತ್ತಿದ್ದೆ. ಹೊಸ ಹೆಣ್ಣು, ಅಷ್ಟು ಜನ ಗಂಡಸರ ಮುಂದೆ ನಾಲ್ಕು ಎನ್ನುವುದು ಹೇಗೆ? ಎರಡು ಎಂದೆ. ಎರಡು ಬೀಜ ಬಟ್ಟಲಿಗೆ ಬಿದ್ದವು. ಮರುದಿನವೂ ಕೇಳಿದಳು, ನಾನು ಮತ್ತೆ ಎರಡು ಎಂದೆ. ಮೂರನೆಯ ದಿನದಿಂದ ಕೇಳುವುದನ್ನೂ ಬಿಟ್ಟು ತಾನೇ ಎರಡು ಹಾಕತೊಡಗಿದಳು. ಬೇಕಾದವರು ಬಾಯಿ ಬಿಟ್ಟು ಕೇಳಬೇಕು ಎನ್ನುವುದು ಅವಳ ಕಾನೂನು, ನಾನು ಕೇಳುವವಳಲ್ಲ. ಹೀಗೆ ಒಂದು ಬೆಳಗಿನ ನಾಚಿಕೆ ವರ್ಷಗಟ್ಟಲೆ ನನ್ನ ಹೊಟ್ಟೆಯ ಅಳತೆಯಾಗಿ ಕೂತುಬಿಟ್ಟಿತು. ಹೊಟ್ಟೆ ತುಂಬಲಿಲ್ಲವೆಂದು ನೀರು ಕುಡಿದು ಎದ್ದ ದಿನಗಳಿಗೆ ಲೆಕ್ಕವಿಲ್ಲ. ಅದನ್ನೂ ನಾನು ಅವಳ ಮೇಲೆಯೇ ಹಾಕಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಗೊಣಗಿಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಮದುವೆಯಾದ ಎರಡನೆಯ ವರ್ಷ ಒಂದು ಮಧ್ಯಾಹ್ನ ನನ್ನ ಅಪ್ಪ ಬಂದ.

ಅಪ್ಪ ಮಸ್ಕಿಯ ಸಂತೆಯಲ್ಲಿ ಹಗ್ಗ ಮಾರುವವನು. ಸಂಕೋಚದ ಮನುಷ್ಯ; ತನ್ನ ಮನೆಯಲ್ಲೇ ಇನ್ನೊಂದು ರೊಟ್ಟಿ ಹಾಕು ಎಂದು ಕೇಳದೆ ತಾಟು ನೋಡುತ್ತ ಕೂರುವವನು. ಹಗ್ಗಕ್ಕೆ ನೂಲು ಕೊಳ್ಳಲು ಬೆಳಗಿನ ಬಸ್ಸಿಗೆ ಸಿಂಧನೂರಿಗೆ ಬಂದಿದ್ದ. ಕೆಲಸ ಮುಗಿಸಿಕೊಂಡು ಮಗಳ ಮುಖ ನೋಡಿಹೋಗೋಣವೆಂದು ಒಂದು ಚೀಲ ಹಸಿ ಶೇಂಗಾ ಹಿಡಿದು ನಡುಮಧ್ಯಾಹ್ನ ಬಾಗಿಲಿಗೆ ಬಂದ. ನಮ್ಮ ಕಡೆ ಊಟದ ಹೊತ್ತಿಗೆ ಬಂದವರನ್ನು ಊಟವಾಗಿದೆಯೇ ಎಂದು ಕೇಳುವುದಿಲ್ಲ. ತಂಬಿಗೆ ನೀರು ಮುಂದಿಟ್ಟು, ಕೈಕಾಲು ತೊಳಕೋರಿ ಎನ್ನುತ್ತಾರೆ, ಅಷ್ಟೇ. ಅದರಲ್ಲೇ ಊಟವೂ ಬಂತು. ದೊಡ್ಡಾಕಿ ತಂಬಿಗೆ ಇಟ್ಟಳು. ಇಟ್ಟು, ಬಾಗಿಲಲ್ಲಿ ನಿಂತು ಕೇಳಿದಳು.

“ಊಟ ಮಾಡ್ಕೊಂಡ ಬಂದೀರೇನ್ರಿ ಬೀಗರ?”

ಹೆಣ್ಣು ಕೊಟ್ಟವನು ಇದಕ್ಕೆ ಏನೆನ್ನಬೇಕು? ಹೂನವ್ವ, ಆಗೈತಿ ಎಂದ ಅಪ್ಪ. ಅವಳು ಸರಿ ಎಂದು ಹಿತ್ತಲಿಗೆ ಹೋದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಆ ತಂಬಿಗೆಯ ನೀರನ್ನು ಒಂದೇ ಉಸಿರಿಗೆ ಕುಡಿದ, ಇನ್ನೊಂದು ಕೇಳಿದ, ನಾನು ತಂದುಕೊಟ್ಟೆ, ಅದನ್ನೂ ಕುಡಿದ. ಹಸಿದಾಗ ಅವನು ಹಾಗೆ ಕುಡಿಯುತ್ತಾನೆ, ನನಗೆ ಚಿಕ್ಕಂದಿನಿಂದ ಗೊತ್ತು. ಮಂಚದ ತುದಿಯಲ್ಲಿ ಅರ್ಧ ತಾಸು ಕೂತ. ಸಂತೆಯ ಸುದ್ದಿ ಹೇಳಿದ. ಆರಾಮಿದ್ದೀಯೇನವ್ವ ಎಂದು ಎರಡು ಸಲ ಕೇಳಿದ. ಎರಡು ಸಲವೂ ಆರಾಮು ಎಂದೆ. ತಲೆ ಸವರಿ ಹೊರಟುಹೋದ.

ಸಂಜೆ ದೊಡ್ಡಾಕಿ ಆ ಶೇಂಗಾ ಕುದಿಸಿ ಎಲ್ಲರಿಗೂ ಹಂಚಿದಳು. ಹಂಚಿ, ಎಂದಿನಂತೆ ಯಾರ ಋಣದ್ದು ಎಂದು ಕೇಳಿದಳು. ಅಪ್ಪ ಹೊರಗಿನವನಾದ್ದರಿಂದ ಅವನ ಹೆಸರಿಗೆ ಅಡ್ಡಿಯಿರಲಿಲ್ಲ. ಮಸ್ಕಿ ತಾತಂದು ಎಂದು ಮನೆಯ ಹುಡುಗರೆಲ್ಲ ಒಟ್ಟಿಗೆ ಹೇಳಿದರು. ಹಸಿದವನನ್ನು ಬರಿ ಹೊಟ್ಟೆಯಲ್ಲಿ ಕಳಿಸಿ, ಅವನು ತಂದದ್ದನ್ನು ತಿಂದು ಅವನಿಗೇ ಉಪಕಾರ ಸ್ಮರಣೆ! ನನ್ನ ಪಾಲಿನ ಶೇಂಗಾ ಪಕ್ಕದವರ ಎಮ್ಮೆಗೆ ಹಾಕಿದೆ.

ಮುಂದಿನ ಹಬ್ಬಕ್ಕೆ ತವರಿಗೆ ಹೋದಾಗ ಅವ್ವ ಮೆಲ್ಲಗೆ ಹೇಳಿದಳು. ಆವತ್ತು ಅಪ್ಪ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ತಾಟಿನ ಮುಂದೆ ಕೂತನಂತೆ. ಮಗಳ ಮನೆಯಲ್ಲಿ ಊಟ ಜೋರಾಗಿತ್ತು, ಬೇಡ ಬೇಡವೆಂದರೂ ಹಾಕಿದರು ಎನ್ನುತ್ತ ಐದು ರೊಟ್ಟಿ ಉಂಡನಂತೆ. ಅವ್ವ ತಿಳಿದೂ ತಿಳಿಯದವಳಂತೆ ಹಾಕುತ್ತ ಹೋದಳಂತೆ. ಅದೇ ಮಳೆಗಾಲದಲ್ಲಿ ಅಪ್ಪ ಸಂತೆಯಿಂದ ಬರುವಾಗ ಎದೆ ಹಿಡಿದುಕೊಂಡು ಬಿದ್ದವನು ಏಳಲಿಲ್ಲ. ನನ್ನ ಮನೆಯಲ್ಲಿ ಅವನು ಒಂದು ತುತ್ತೂ ಉಣ್ಣದೆ ಹೋದ.

ಅವನನ್ನು ಮಣ್ಣು ಮಾಡಿ ಬಂದ ದಿನ ನಾನು ಹಲ್ಲು ಕಚ್ಚಿ ಒಂದು ಮಾತು ನಿಶ್ಚಯ ಮಾಡಿಕೊಂಡೆ. ಈ ದೊಡ್ಡಾಕಿಯ ಬಾಯಿಂದಲೇ, ನಿಮ್ಮಪ್ಪನನ್ನು ಉಪವಾಸ ಕಳಿಸಿದ್ದು ತಪ್ಪಾಯಿತು ಎನ್ನಿಸಬೇಕು. ಎಷ್ಟು ವರ್ಷವಾದರೂ ಆಗಲಿ. ಅದನ್ನು ಕೇಳದೆ ಇವಳನ್ನು ಸಾಯಗೊಡಬಾರದು.

ಕಾಯುವುದು ನನಗೆ ಕಷ್ಟವಾಗಲಿಲ್ಲ, ಆ ಮನೆಯಲ್ಲಿ ಅದೊಂದಕ್ಕೆ ಎಣಿಕೆ ಇರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಅವಳ ಮೊಣಕಾಲು ಹೋದವು. ನೆಲದಲ್ಲಿ ಕೂತರೆ ಏಳಲು ಇಬ್ಬರು ಬೇಕು. ಅಡುಗೆಮನೆ ನನ್ನ ಕೈಗೆ ಬಂತು. ಮೊದಲ ದಿನವೇ ಆ ಹುಣಸೆ ಬೀಜಗಳನ್ನು ಅವಳು ನೋಡುತ್ತಿದ್ದಂತೆ ಗಟಾರಕ್ಕೆ ಚೆಲ್ಲಿದೆ. ಬೇಕೆಂದೇ ಹದಿನೈದು ರೊಟ್ಟಿ ಹೆಚ್ಚಿಗೆ ಬಡಿದೆ. ಉಳಿದದ್ದನ್ನು ಅವಳ ಮುಂದೆಯೇ ಹಾದು ಪಕ್ಕದವರ ಎಮ್ಮೆಗೆ ಹಾಕಿ ಬಂದೆ. ಕಾಯಿಪಲ್ಯಕ್ಕೆ ಎಣ್ಣೆ ಸುರಿದೆ. ಬಂದವರಿಗೆಲ್ಲ ಕೈಕಾಲು ತೊಳಕೋರಿ ಎಂದೆ. ಕರೆಂಟಿನ ಬಿಲ್ಲು ಕೊಡಲು ಬಂದವನಿಗೂ ಎಂದೆ. ಅವಳು ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತ ಎಲ್ಲ ನೋಡುತ್ತಿದ್ದಳು. ಒಮ್ಮೆ ಮಾತ್ರ, ಎಮ್ಮಿ ಇಷ್ಟೆಲ್ಲ ತಿಂತೈತೇನು ಎಂದಳು. ನಮ್ಮ ಪುಣ್ಯ, ತಿನ್ನುತ್ತದೆ ಎಂದೆ.

ಇದರಿಂದ ಅವಳು ಬಗ್ಗಲಿಲ್ಲ. ಆಮೇಲೆ ನನಗೆ ಇನ್ನೊಂದು ದಾರಿ ಹೊಳೆಯಿತು. ತಾಟಿನಲ್ಲಿ ಬಿದ್ದದ್ದನ್ನು ಬಿಡುವುದು ಅವಳ ಜಾಯಮಾನದಲ್ಲಿ ಇರಲಿಲ್ಲ. ಉಂಡ ಮೇಲೆ ತಾಟಿಗೆ ಒಂದಿಷ್ಟು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವವಳು. ಅವಳಿಗೆ ಸಾಕಾಗುವುದು ಎರಡು ರೊಟ್ಟಿ. ನಾನು ನಾಲ್ಕು ಹಾಕತೊಡಗಿದೆ, ಮೇಲೆ ಬೆಣ್ಣೆ, ಪಕ್ಕಕ್ಕೆ ಎರಡು ಸೌಟು ಪುಂಡಿಪಲ್ಯ. ಅವಳು ತಾಟು ನೋಡುವಳು, ನನ್ನ ಮುಖ ನೋಡುವಳು, ಮುರಿದು ಉಣ್ಣಲು ಶುರುಮಾಡುವಳು. ಮೂರನೆಯದಕ್ಕೆ ಬರುವಾಗ ಹಣೆಯ ಮೇಲೆ ಬೆವರು. ನಾಲ್ಕನೆಯದನ್ನು ನೀರಿನ ಜೊತೆ ನುಂಗುವಳು. ನಾನು ಎದುರಿಗೇ ಕೂತು, ಸಾಕು ಎನ್ನುತ್ತಾಳೇನೋ ಎಂದು ಕಾಯುವೆ. ಒಮ್ಮೆ ಸಾಕು ಎಂದರೆ ಅದರ ಹಿಂದೆಯೇ ನಾನು ಅಪ್ಪನ ಮಾತು ಎತ್ತಬಹುದಿತ್ತು. ಅವಳು ಅನ್ನಲಿಲ್ಲ. ನೋಡಿದವರೆಲ್ಲ, ಎಂಥ ನೆಗೆಣ್ಣಿಯರು, ಎದುರಿಗೆ ಕೂತು ಉಣ್ಣಿಸುತ್ತಾಳೆ ಎಂದು ನನ್ನನ್ನು ಹೊಗಳಿದರು. ಒಂದು ಸಲ ಹೊಟ್ಟೆ ಕೆಟ್ಟು ಆಸ್ಪತ್ರೆಗೆ ಕರೆದೊಯ್ದರು. ಈ ವಯಸ್ಸಿಗೆ ಇಷ್ಟು ಯಾಕೆ ಉಣ್ಣುತ್ತೀರಿ ಅಮ್ಮ ಎಂದು ಡಾಕ್ಟರು ಬೈದರು. ಎಂಟು ದಿನ ಕಡಿಮೆ ಮಾಡಿದೆ, ಒಂಬತ್ತನೆಯ ದಿನ ಮತ್ತೆ ನಾಲ್ಕು. ಇದನ್ನು ಬರೆಯುವಾಗ ನಾಚಿಕೆಯಾಗಬೇಕು. ಆಗುತ್ತಿಲ್ಲ.

ಕಳೆದ ಚಳಿಗಾಲದಲ್ಲಿ ಅವಳ ತವರಿನ ಕಡೆಯ ಒಂದು ಮದುವೆಗೆಂದು ಮನೆಯವರೆಲ್ಲ ಲಿಂಗಸುಗೂರಿಗೆ ಹೋದರು. ಅವಳಿಂದ ಬಸ್ಸು ಹತ್ತಲಾಗದು, ನಾನು ಜೊತೆಗೆ ಉಳಿದೆ. ಅಷ್ಟು ವರ್ಷದಲ್ಲಿ ಆ ಮನೆಯಲ್ಲಿ ನಾವಿಬ್ಬರೇ ಇದ್ದ ಮಧ್ಯಾಹ್ನ ಅದೊಂದೇ ಇರಬೇಕು. ಮೂರು ರೊಟ್ಟಿ ಹಾಕಿದೆ. ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ.

“ಅಕ್ಕಾರ, ನಮ್ಮಪ್ಪ ಒಂದಿನ ಮಧ್ಯಾಹ್ನ ಬಂದಿದ್ದ, ನೆನಪೈತೇನ್ರಿ?”

“ಯಾಕ ಇಲ್ಲ? ಹಸಿ ಶೇಂಗಾ ತಂದಿದ್ರು. ನೀಲಿ ಚೀಲ.”

“ಆವತ್ತು ಅಂವ ಹಸಗೊಂಡು ಹೋದ.”

ಅವಳ ಕೈ ತಾಟಿನಲ್ಲೇ ನಿಂತಿತು. ಊಟ ಆಗಿದೆಯೇ ಎಂದು ನಾನು ಕೇಳಿದ್ದೆ, ಆಗಿದೆ ಅಂದರು ಎಂದಳು. ಹಾಗೆ ಕೇಳಿದರೆ ಯಾವ ಬೀಗರು ಇಲ್ಲ ಎನ್ನುತ್ತಾರೆ ಎಂದೆ. ನನ್ನ ದನಿ ಏರಿತ್ತು. ಮೂವತ್ತು ವರ್ಷ ನುಂಗಿಕೊಂಡದ್ದನ್ನೆಲ್ಲ ಅವಳ ಮುಂದೆ ಸುರಿದೆ. ಹುಣಸೆ ಬೀಜ, ಎರಡು ರೊಟ್ಟಿ, ಅಪ್ಪನ ಎರಡು ತಂಬಿಗೆ ನೀರು, ಅವ್ವ ಹೇಳಿದ ಐದು ರೊಟ್ಟಿ, ಎಲ್ಲ.

“ತಪ್ಪಾತು ಅನ್ರಿ. ಒಂದ ಸಲ ಅನ್ರಿ, ಸಾಕು.”

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ನನಗೂ ಹಗುರವಾಗುತ್ತಿತ್ತು. ತಿಳಿಯದ್ದನ್ನು ತಿಳಿದುಕೊಳ್ಳಬೇಕು ಎನ್ನುವವಳಂತೆ ಕೇಳಿದಳು.

“ನನಗ ಅವರು ಬೀಗರು. ಆಗೈತಿ ಅಂದ್ರು, ನಂಬಿದೆ. ನಿನಗ ಅಪ್ಪ ಅಲ್ಲೇನು? ಹಸದಾನ ಅಂತ ನಿನಗ ಗೊತ್ತಿತ್ತು. ನಿನ್ನವು ಎರಡು ರೊಟ್ಟಿ ಬುಟ್ಯಾಗ ಹಂಗ ಇದ್ದವು. ನೀ ಯಾಕ ಹಾಕಲಿಲ್ಲ ಬೇ?”

ಕೈಯಲ್ಲಿದ್ದ ನಾಲ್ಕನೆಯ ರೊಟ್ಟಿಯನ್ನು ನಾನು ತಿರುಗಿ ಬುಟ್ಟಿಗೆ ಹಾಕಿದೆ. ಅವಳು ಮೂರೂ ರೊಟ್ಟಿ ಮುಗಿಸಿ, ತಾಟು ತೊಳೆದ ನೀರು ಕುಡಿದು, ಗೋಡೆ ಹಿಡಿದುಕೊಂಡು ಕುರ್ಚಿಯಿಂದ ಎದ್ದು ಹೋಗಿ ಮಲಗಿದಳು. ಅಲ್ಲಿಂದ ಮೂರು ತಿಂಗಳಿಗೆ ತೀರಿಕೊಂಡಳು. ತಪ್ಪಾಯಿತು ಎನ್ನಲಿಲ್ಲ. ಸಾಕು ಎಂದೂ ಅನ್ನಲಿಲ್ಲ.

ಅವಳ ಮೇಲಿನ ಸಿಟ್ಟು ನನಗೆ ಇನ್ನೂ ಇದೆ. ಬಂದವರು ಅವಳ ಫೋಟೊಕ್ಕೆ ಹೂವು ಹಾಕುವಾಗ ಆ ಹೂವು ಕಿತ್ತೆಸೆಯಬೇಕು ಎನಿಸುತ್ತದೆ. ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಇಷ್ಟು ವರ್ಷ ಎಲ್ಲವನ್ನೂ ಅವಳ ತಲೆಗೆ ಕಟ್ಟಿ ನಾನು ನೆಮ್ಮದಿಯಾಗಿದ್ದೆ. ಹೋಗುವ ಮುಂಚೆ ಆ ಒಂದು ಮಾತು ಕೇಳಿ ಅದನ್ನೂ ಕಿತ್ತುಕೊಂಡು ಹೋದಳು.

ಆವತ್ತು ಅವಳು ಹಿತ್ತಲಿನಲ್ಲಿದ್ದಳು, ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಮನೆಯ ಹೆಂಗಸರ ಊಟ ಇನ್ನೂ ಆಗಿರಲಿಲ್ಲ. ಬುಟ್ಟಿ ನನ್ನ ಕೈಗೆಟಕುವ ಹಾಗೇ ಇತ್ತು. ಎರಡನ್ನೂ ಅಪ್ಪನಿಗೆ ಹಾಕಿದರೆ ನನಗೆ ಉಳಿಯುವುದಿಲ್ಲ, ಇವಳನ್ನು ಕೇಳುವುದು ನನ್ನಿಂದ ಆಗುವುದಿಲ್ಲ ಎಂದು ಬಾಗಿಲ ಹಿಂದೆ ನಿಂತು ಯೋಚಿಸಿದೆ. ಬೆಳಗಿನಿಂದ ನಾನೂ ಹಸಿದಿದ್ದೆ. ಅಪ್ಪ ಬಸ್ ಸ್ಟ್ಯಾಂಡಿನ ಕಡೆ ತಿರುಗಿ ಕಣ್ಮರೆಯಾಗುವವರೆಗೆ ಹೊಸ್ತಿಲಲ್ಲಿ ನಿಂತು ನೋಡಿದೆ. ಆಮೇಲೆ ಒಳಗೆ ಬಂದು, ಖಾರದ ಹಿಂಡಿಯ ಜೊತೆ ಆ ಎರಡೂ ರೊಟ್ಟಿ ಉಂಡೆ.